ಹೊಗಳಿದವನು ಮುಟ್ಟಬೇಕು

ನಮ್ಮೂರು ಓರ್ಗುಲಾದಲ್ಲಿ ಸಿದೋರಾಳ ಒಲೆಯ ಮುಂದೆ ದನಿಯೇರಿಸಿ ಮಾತಾಡುವ ಧೈರ್ಯ ಪಾದ್ರಿಗಳಿಗೂ ಇರಲಿಲ್ಲ. ಒಮ್ಮೆ ಈಸ್ಟರ್ ಹಬ್ಬದ ರೊಟ್ಟಿಗೆ ಪವಿತ್ರ ಜಲ ಚಿಮುಕಿಸಲು ಬಂದವರು ಭಕ್ತಿ ಹೆಚ್ಚಾಗಿ ನಾಲ್ಕು ಸಲ ಚಿಮುಕಿಸಿಬಿಟ್ಟರು. "ಸ್ವಾಮಿ, ಆಶೀರ್ವಾದ ಮಾಡ್ತಿದೀರೋ, ಬಟ್ಟೆ ಒಗೀತಿದೀರೋ?" ಎಂದಳು ಸಿದೋರಾ, ಒಲೆಯಿಂದ ಮುಖ ಕೂಡ ತಿರುಗಿಸದೆ. ಅಂದಿನಿಂದ ಪಾದ್ರಿಗಳು ಬಾಗಿಲಲ್ಲೇ ನಿಂತು ಆಶೀರ್ವಾದ ಮಾಡಿ ಹೋಗುತ್ತಿದ್ದರು.

ಹಾಗೆಂದು ಅವಳನ್ನು ಗಯ್ಯಾಳಿ ಎಂದುಕೊಳ್ಳಬೇಡಿ. ಒಲೆಯ ಮುಂದೆ ಕೂತವಳಿಗೆ ನಯವಾಗಿ ಮಾತಾಡಲು ಪುರುಸೊತ್ತಿರುವುದಿಲ್ಲ, ಅಷ್ಟೇ. ಕರಸಾವು ರೊಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕೆಲಸ. ಗಟ್ಟಿ ಗೋಧಿಯ ಹಿಟ್ಟನ್ನು ನಾದಿ, ಹುಳಿ ಬರಿಸಿ, ಮೊಳದಗಲ ತೆಳ್ಳಗೆ ಲಟ್ಟಿಸಿ ಕಲ್ಲಿನ ಗೂಡೊಲೆಗೆ ಹಾಕಿದರೆ ಹತ್ತು ಎಣಿಸುವುದರೊಳಗೆ ಅದು ಚೆಂಡಿನಂತೆ ಉಬ್ಬಬೇಕು. ಉಬ್ಬಿದ ಕೂಡಲೇ ಹೊರಗೆಳೆಯಬೇಕು. ಪಕ್ಕದವಳು ಅಂಚಿಗೆ ಚೂರಿ ಹಾಕಿ ಎರಡು ಪದರ ಬಿಡಿಸಬೇಕು. ಆ ಪದರಗಳನ್ನು ಮತ್ತೆ ಒಲೆಗೆ ಹಾಕಿ ಗರಿಗರಿ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಕುರಿಗಾಹಿಗಳು ಚೀಲದಲ್ಲಿ ಒಂದು ಕಟ್ಟು ರೊಟ್ಟಿ, ಒಂದು ಉಂಡೆ ಕುರಿಹಾಲಿನ ಚೀಸ್ ಇಟ್ಟುಕೊಂಡು ಬೆಟ್ಟ ಹತ್ತಿದರೆ ಹೆಂಡತಿಯ ನೆನಪಾಗುವ ತನಕ ಇಳಿಯುತ್ತಿರಲಿಲ್ಲ. ಉಬ್ಬದ ರೊಟ್ಟಿ ಮಾತ್ರ ಯಾತಕ್ಕೂ ಬಾರದು. ನಾಯಿಗೆ ಹಾಕಿದರೆ ನಾಯಿ ಕೂಡ ಒಮ್ಮೆ ಮನೆಯವರ ಮುಖ ನೋಡುತ್ತಿತ್ತು.

ಸಿದೋರಾ ಮೊದಲ ಸಲ ರೊಟ್ಟಿಯನ್ನು ಒಲೆಗೆ ತಳ್ಳುವ ಹಲಗೆ ಹಿಡಿದದ್ದು ಒಂಬತ್ತನೆಯ ವರ್ಷದಲ್ಲಿ. ಅಂದು ಎಡಗೈ ಮೇಲೆ ಸುಟ್ಟುಕೊಂಡ ಕಲೆ ಇವತ್ತಿಗೂ ಇದೆ. ಹದಿನೆಂಟಕ್ಕೆ ಅಪ್ಪ ತೀರಿಕೊಂಡ. ಅಮ್ಮ ತ್ಸಿಯಾ ಪಾಸ್ಕಾಳ ಕಣ್ಣು ಹೊಗೆಗೆ ಸೋತಿತ್ತು. (ಹಿರಿಯ ಹೆಂಗಸರನ್ನೆಲ್ಲ ನಾವು ತ್ಸಿಯಾ ಎಂದೇ ಕರೆಯುವುದು, ಹೆತ್ತ ಮಗಳಿಗೆ ಮಾತ್ರ ಅಮ್ಮ.) ತಂಗಿ ಮಲ್ಲೇನಾ ಆಗಿನ್ನೂ ಏಳು ವರ್ಷದ ಕೂಸು. ಒಲೆಯ ಮುಂದಿನ ಗಿಡ್ಡ ಮಣೆಯ ಮೇಲೆ ಸಿದೋರಾ ಕೂತಳು, ಹದಿನೈದು ವರ್ಷ ಏಳಲಿಲ್ಲ. ಊರಿನ ಹೆಂಗಸರು ಸರದಿಯ ಮೇಲೆ ಒಬ್ಬರ ಮನೆಗೆ ಒಬ್ಬರು ಮುಯ್ಯಾಳಾಗಿ ಹೋಗಿ ರೊಟ್ಟಿ ಸುಡುತ್ತಿದ್ದರು. ಲಟ್ಟಿಸುವವರು ಬದಲಾಗುತ್ತಿದ್ದರು, ಚೂರಿ ಹಿಡಿಯುವವರು ಬದಲಾಗುತ್ತಿದ್ದರು. ಒಲೆಯ ಮುಂದೆ ಮಾತ್ರ ಎಲ್ಲರ ಮನೆಯಲ್ಲೂ ಸಿದೋರಾಳೇ ಬೇಕು.

ಅವಳನ್ನು ಕೇಳಿಕೊಂಡು ಗಂಡುಗಳು ಬರಲಿಲ್ಲ ಎಂದಲ್ಲ. ಮೊದಲನೆಯವನು ಬಂದಾಗ ಅಪ್ಪ ಸತ್ತು ಇನ್ನೂ ವರ್ಷವಾಗಿರಲಿಲ್ಲ, ತಂಗಿಯನ್ನು ಬಿಟ್ಟು ಬರಲಾರೆ ಎಂದಳು. ಎರಡನೆಯವನು ಪಕ್ಕದೂರಿನ ವಿಧುರ. ಮನೆಗೆ ಬಂದು ಕೂತವನು ಅವಳ ರೊಟ್ಟಿ ಮುರಿದು ಬಾಯಿಗಿಟ್ಟು "ಉಪ್ಪು ಕಮ್ಮಿ" ಎಂದ. ಅವನು ಬಂದ ಕತ್ತೆಯ ಜೀನು ಬಿಚ್ಚುವ ಮೊದಲೇ ಮಾತುಕತೆ ಮುಗಿದಿತ್ತು.

ಐವತ್ತೆಂಟನೆಯ ಇಸವಿಯಲ್ಲಿ ಸಿದೋರಾಳಿಗೆ ಮೂವತ್ತಮೂರು. ಆ ಜೂನ್ ತಿಂಗಳಲ್ಲಿ, ಕುರಿಗಳ ಉಣ್ಣೆ ಕತ್ತರಿಸಿ ಮುಗಿದ ಮೇಲೆ, ತಂಗಿ ಮಲ್ಲೇನಾಳ ಮದುವೆ ಗೊತ್ತಾಯಿತು. ಗಂಡು ಬೋಯೆಲೆ, ಇನ್ನೂರು ಕುರಿಗಳ ಒಡೆಯ, ಮಾತು ಕಡಿಮೆ. ಮನೆಯಲ್ಲಿ ಅಜ್ಜಿಯ ಕಾಲದ ಒಂದು ಕೆಂಪು ನೆರಿಗೆ ಲಂಗವಿತ್ತು. ಹಿರಿಯ ಮಗಳು ಉಟ್ಟು ಮದುವೆಯಾಗುವ ಲಂಗ. ಅದನ್ನು ಪೆಟ್ಟಿಗೆಯಿಂದ ತೆಗೆದು, ನೆರಿಗೆ ಕಟ್ಟಿ, ಆರುತ್ತಿರುವ ಒಲೆಯ ಶಾಖದಲ್ಲಿಟ್ಟು ಗರಿ ನಿಲ್ಲಿಸಿ ತಂಗಿಗೆ ಕೊಟ್ಟವಳು ಸಿದೋರಾಳೇ. ಕೊಡುವ ಮೊದಲು, ಮನೆಯಲ್ಲಿ ಯಾರೂ ಇಲ್ಲದಾಗ, ಒಮ್ಮೆ ಸೊಂಟಕ್ಕೆ ಹಿಡಿದು ನೋಡಿಕೊಂಡಳು. ಎದೆಯಲ್ಲಿ ಏನೋ ಚುಚ್ಚಿತು. ಬೇಗ ಮಡಿಚಿಟ್ಟಳು.

ಊರಿನ ಬಾಯಿ ಸುಮ್ಮನಿರುತ್ತದೆಯೇ. ನೀರಿನ ಚಿಲುಮೆಯ ಹತ್ತಿರ ಪಕ್ಕದ ಮನೆಯ ಜುವಾನ್ನಾ ಕೊಡ ತುಂಬಿಸುತ್ತ, ಸಿದೋರಾ ಹಿಂದೆ ನಿಂತಿದ್ದಾಳೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಹೇಳಿದಳು:

"ತಂಗಿ ಇಗರ್ಜೀಲಿ, ಅಕ್ಕ ಒಲೆ ಮುಂದೆ. ಮದ್ವೆ ರೊಟ್ಟಿನ ಆ ದೇವ್ರೇ ಕಾಯ್ಬೇಕು ಕಣಮ್ಮ."

ಇದರ ಅರ್ಥ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಮದುವೆಯ ರೊಟ್ಟಿ ಉಬ್ಬಲಿಲ್ಲ ಎಂದರೆ ಮದುಮಗಳ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದೇ ಲೆಕ್ಕ. ಕಣ್ಣು ಎಂದರೆ ಹಗೆಯೇ ಇರಬೇಕೆಂದಿಲ್ಲ. ಮೆಚ್ಚಿ ನೋಡಿದರೂ ದೃಷ್ಟಿ ತಾಕುತ್ತದೆ. ಅದಕ್ಕೇ ಮಗುವಾಗಲಿ, ಕರುವಾಗಲಿ, ರೊಟ್ಟಿಯಾಗಲಿ, ಚೆನ್ನಾಗಿದೆ ಎಂದು ಬಾಯಿಬಿಟ್ಟವನು ಹಿಂದೆಯೇ "ದೇವ್ರು ಕಾಯ್ಲಿ" ಎಂದು ಹೇಳಿ, ಹೊಗಳಿದ್ದನ್ನು ಕೈಯಿಂದ ಮುಟ್ಟಬೇಕು. ಮುಟ್ಟಿದರೆ ದೃಷ್ಟಿ ಇಳಿಯಿತು. ನಮ್ಮಲ್ಲಿ ಮಕ್ಕಳು ಹೆಸರು ಹೇಳಲು ಕಲಿಯುವ ಮೊದಲು ಇದನ್ನು ಕಲಿಯುತ್ತವೆ.

ಸಮುದ್ರದಾಚೆಯವರು ಮಾತ್ರ ಕಲಿತಿರುವುದಿಲ್ಲ.

ಆ ವರ್ಷ ಮಾರ್ಚಿನಲ್ಲಿ ಕಣಿವೆಯಿಂದ ನಮ್ಮೂರಿಗೆ ರಸ್ತೆ ಅಳೆಯಲು ಒಬ್ಬ ಸರ್ವೇಯರ್ ಬಂದಿದ್ದ. ಹೆಸರು ಒತ್ತೊರೀನೊ. ಬಡಗಣ ಇಟಲಿಯ ಬಯಲುಸೀಮೆಯವನು, ಉದ್ದಕ್ಕೆ ಬೆಳೆದ ಮೂವತ್ತಾರು ವರ್ಷದ ಬ್ರಹ್ಮಚಾರಿ. ಹುಟ್ಟಿದಾರಭ್ಯ ಗುಡ್ಡ ಕಂಡವನಲ್ಲ. ನಮ್ಮ ಸಾರ್ಡೀನಿಯಾ ದ್ವೀಪದ ನಡುಬೆಟ್ಟಗಳನ್ನು ಕಂಡು ಅವನ ತಲೆ ಕೆಟ್ಟಿತು. ವಾರವೆಲ್ಲ ಸರಪಳಿ ಹಿಡಿದು ರಸ್ತೆ ಅಳೆಯುವುದು, ಭಾನುವಾರ ಬಂತೆಂದರೆ ನೋಟ್‌ಬುಕ್ ಹಿಡಿದು ಬೆಟ್ಟ ಹತ್ತುವುದು. ಸುಪ್ರಮೊಂತೆ ಬೆಟ್ಟದ ಬಿಳಿ ಬಂಡೆ, ಗಾಳಿಗೆ ತಿರುಚಿಕೊಂಡ ಜುನಿಪರ್ ಮರ, ಓಕ್ ಮರಗಳ ನೆರಳಿನಲ್ಲಿ ಅರಳುವ ಕಾಡು ಪಿಯೋನಿ ಹೂವು, ಯಾವ ಕಾಲದಲ್ಲೋ ಯಾರೋ ಕಟ್ಟಿಹೋದ ಕಲ್ಲಿನ ದುಂಡು ಗೋಪುರ, ಎಲ್ಲದರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ. ಆಡುತ್ತಿದ್ದದ್ದು ರೇಡಿಯೋದಲ್ಲಿ ಬರುವಂಥ ಪುಸ್ತಕದ ಭಾಷೆ. "ಕ್ಷಮಿಸಿ, ಈ ಕಾಲುದಾರಿಯು ಎಲ್ಲಿಗೆ ಹೋಗುವುದೆಂದು ತಿಳಿಸುವಿರಾ?" ಎಂದು ಅವನು ಕೇಳಿದರೆ ನಮ್ಮ ಕುರಿಗಾಹಿಗಳು ಟೋಪಿ ತೆಗೆದು ನಿಲ್ಲುತ್ತಿದ್ದರು, ಯಾರೋ ಸತ್ತ ಸುದ್ದಿ ಹೇಳುತ್ತಿದ್ದಾನೇನೋ ಎಂದು.

ಒಮ್ಮೆ ಬೆಟ್ಟದ ತುದಿ ಎಷ್ಟು ದೂರ ಎಂದು ಕೇಳಿದ. "ಎರಡು ರೊಟ್ಟಿ ದೂರ" ಎಂದ ಬೋಯೆಲೆ. ಎರಡು ರೊಟ್ಟಿ ತಿಂದು ಮುಗಿಯುವಷ್ಟು ನಡಿಗೆ ಎಂದು ಅರ್ಥ. ಸರ್ವೇಯರ್ ಅದನ್ನೂ ಬರೆದುಕೊಂಡು, ರೊಟ್ಟಿಯ ಅಗಲ ಎಷ್ಟು ಎಂದು ಕೇಳಿದನಂತೆ. ಮತ್ತೊಂದು ಸಲ ಕುರಿದೊಡ್ಡಿಯಲ್ಲಿ ಅವನಿಗೆ ಸುಟ್ಟ ಮಾಂಸವನ್ನು ಕರಸಾವು ರೊಟ್ಟಿಯ ಮೇಲೆ ಹಾಕಿ ಕೊಟ್ಟರು. ಮಾಂಸ ತಿಂದು, ರೊಟ್ಟಿಯನ್ನು ಜೋಪಾನವಾಗಿ ಒರೆಸಿ, "ಧನ್ಯವಾದ, ತಟ್ಟೆ ತೆಗೆದುಕೊಳ್ಳಿ" ಎಂದು ವಾಪಸ್ ಕೊಟ್ಟ. ಅಂದಿನಿಂದ ಅವನಿಗೆ ತಟ್ಟೆಸ್ವಾಮಿ ಎಂದೇ ಹೆಸರಾಯಿತು. ಆದರೆ ಊಟದಲ್ಲಿ ಸೋಲುವವನಲ್ಲ. ಕುರಿಹಾಲಿನ ಹುಳಿ ಮೊಸರನ್ನು ಬಟ್ಟಲು ಎತ್ತಿ ಕುಡಿಯುತ್ತಿದ್ದ. ಒಳಗೆ ಚೀಸ್ ತುಂಬಿ ಕರಿದು ಮೇಲೆ ಕಹಿ ಜೇನು ಸುರಿದ ಸೆಯಾದ ಎಂಬ ತಿಂಡಿ ಕೊಟ್ಟರೆ ಒಂದಕ್ಕೆ ಮೂರು ತಿನ್ನುತ್ತಿದ್ದ. ಮೇ ಮುಗಿಯುವುದರೊಳಗೆ ಬೆಲ್ಟಿಗೆ ಹೊಸ ತೂತು ಬೇಕಾಯಿತು.

ಅವನು ಉಳಿದುಕೊಂಡದ್ದು ಸಿದೋರಾಳ ದೊಡ್ಡಜ್ಜಿ ತ್ಸಿಯಾ ಬಾದೋರಾಳ ಮನೆಯಲ್ಲಿ. ಮುದುಕಿಗೆ ಕಿವಿ ಕೇಳದು. ಅವನ ಬಾಯಿಯನ್ನೇ ದಿಟ್ಟಿಸಿ ನೋಡುತ್ತ, ಏನು ಕೇಳಿದರೂ ಮತ್ತೊಂದು ಸೌಟು ಸಾರು ಬಡಿಸುತ್ತಿದ್ದಳು.

ಸಿದೋರಾ ಅವನೊಂದಿಗೆ ಮಾತಾಡಿದ್ದು ಒಂದೇ ಸಲ. ಬಾಗಿಲಲ್ಲಿ ನಿಂತು, "ಈ ಒಲೆಗೆ ಯಾವ ಮರದ ಸೌದೆಯನ್ನು ಉಪಯೋಗಿಸುವಿರಿ?" ಎಂದು ಕೇಳಿದ್ದ. "ತಿನ್ನೋದು ಬೆಂಕಿ. ಅದನ್ನೇ ಕೇಳಿ" ಎಂದಿದ್ದಳು. ಅವನು ಅದನ್ನೂ ಬರೆದುಕೊಂಡ. ಆ ರಾತ್ರಿ ಹಾಸಿಗೆಯಲ್ಲಿ ಅವಳಿಗೆ ನೆನಪಾಗಿ ನಗು ಬಂತು. ಮರುದಿನ ಹಿಟ್ಟು ನಾದುವಾಗಲೂ ಬಂತು. ಮೂರನೆಯ ದಿನವೂ ಬಂದಾಗ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮದುವೆಗೆ ಮೂರು ದಿನ ಇರುವಾಗ ರೊಟ್ಟಿ ಸುಡುವ ಕೆಲಸ ಶುರುವಾಯಿತು. ನಸುಕಿನಲ್ಲೇ ಎಂಟು ಮಂದಿ ಹೆಂಗಸರು ಸಿದೋರಾಳ ಅಡುಗೆಮನೆಯಲ್ಲಿ ನೆಲದ ಮೇಲೆ ಸುತ್ತುಗಟ್ಟಿ ಕೂತರು. ಜುವಾನ್ನಾ ಲಟ್ಟಣಿಗೆ ಹಿಡಿದಳು. ಚೂರಿ ಮದುಮಗಳದೇ. ತ್ಸಿಯಾ ಬಾದೋರಾ ಮೂಲೆಯಲ್ಲಿ ಕೂತು ಎಲ್ಲರ ಬಾಯಿ ನೋಡುತ್ತಿದ್ದಳು. ಸಿದೋರಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮೊದಲ ರೊಟ್ಟಿಯನ್ನು ಒಳಕ್ಕೆ ತಳ್ಳಿದಳು. ಅಂದು ಬಾಯಿಬಿಟ್ಟು ಎಣಿಸಿದಳು. ಹದಿನೈದು ವರ್ಷದಲ್ಲಿ ಒಂದು ದಿನವೂ ಹಾಗೆ ಎಣಿಸಿದವಳಲ್ಲ.

ಏಳು, ಎಂಟು. ರೊಟ್ಟಿ ಉಬ್ಬಿತು. ಅವಳ ಉಸಿರು ಇಳಿಯಿತು.

ಆಮೇಲೆ ಅಡುಗೆಮನೆಯಲ್ಲಿ ಹಬ್ಬ. ರೊಟ್ಟಿ ಒಂದರ ಹಿಂದೆ ಒಂದು ಉಬ್ಬುತ್ತಿತ್ತು, ಬಾಯಿಗಳು ಅದಕ್ಕಿಂತ ಜೋರಾಗಿ ಓಡುತ್ತಿದ್ದವು.

"ಮಲ್ಲೇನಾ, ನಿಧಾನಕ್ಕೆ ಬಿಡ್ಸೇ. ಬೋಯೆಲೆ ಎಲ್ಲಿಗೂ ಓಡ್ಹೋಗಲ್ಲ."

"ಅವ್ನು ಓಡ್ದ್ರೂ ಕುರಿಗಳು ಬಿಡ್ಬೇಕಲ್ಲ!"

"ಮಾತೇ ಆಡಲ್ವಲ್ಲೇ ನಿನ್ ಗಂಡು, ಮದ್ವೆ ದಿನ ಹೂಂ ಅಂತಾನೋ ಇಲ್ವೋ?"

"ಮಾತಾಡೋ ಗಂಡ ಬೇಕಿದ್ರೆ ತಟ್ಟೆಸ್ವಾಮಿನ ಮಾಡ್ಕೋಬೇಕಿತ್ತು" ಎಂದಳು ಜುವಾನ್ನಾ. "'ಕ್ಷಮಿಸಿ, ನಾನು ತಮ್ಮ ಕೈಯನ್ನು ಹಿಡಿಯಬಹುದೇ?'"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಿದೋರಾ ಒಲೆಯೊಳಕ್ಕೆ ಬಗ್ಗಿ ಸೌದೆ ಸರಿಮಾಡಿದಳು. ಸೌದೆ ಸರಿಯಾಗಿಯೇ ಇತ್ತು.

ಬೆಳಗು ಏರುವ ಹೊತ್ತಿಗೆ ತೆಂಕಣ ಗಾಳಿ ಬೀಸತೊಡಗಿತು. ಆಫ್ರಿಕಾ ಕಡೆಯಿಂದ ಬರುವ ಆ ಬಿಸಿಗಾಳಿಗೆ ಬಟ್ಟೆ ಮೈಗಂಟುತ್ತದೆ, ಸೌದೆ ಹೊಗೆಯಾಡುತ್ತದೆ. ಮಾತಿನ ಭರದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ನಾನು ಮಾತ್ರ ಹೇಳಿಟ್ಟಿರುತ್ತೇನೆ.

ಅದೇ ಹೊತ್ತಿಗೆ ಸರ್ವೇಯರ್ ಸರಪಳಿ ಹಿಡಿದು ಬೀದಿಯ ಅಗಲ ಅಳೆಯುತ್ತ ಬಂದ. ತೆರೆದ ಬಾಗಿಲಲ್ಲಿ ಬಗ್ಗಿ, "ಕ್ಷಮಿಸಿ, ಈ ಗೋಡೆಯು ಯಾರಿಗೆ ಸೇರಿದ್ದು?" ಎಂದ.

"ಗೋಡೆ ನಮ್ದು, ಬಿಸಿಲು ದೇವ್ರುದು. ಒಳಗೆ ಬನ್ನಿ ಸ್ವಾಮಿ, ಬಿಸಿ ರೊಟ್ಟಿ ತಿಂದು ಹೋಗಿ" ಎಂದು ತ್ಸಿಯಾ ಪಾಸ್ಕಾ ಕರೆದಳು. ಮದುವೆ ಮನೆಯ ಬಾಗಿಲಿಗೆ ಬಂದವನನ್ನು ಬರಿಬಾಯಲ್ಲಿ ಕಳಿಸುವಂತಿಲ್ಲ.

ಅವನು ಟೋಪಿ ತೆಗೆದು ಒಳಬಂದ. ಆಗ ಸಿದೋರಾ ಉಬ್ಬಿದ ರೊಟ್ಟಿಯೊಂದನ್ನು ಹಲಗೆಯ ಮೇಲೆ ಹೊತ್ತು ಒಲೆಯಿಂದ ಈಚೆಗೆ ತಿರುಗಿದಳು. ಕೆನ್ನೆ ಕೆಂಪಾಗಿತ್ತು, ತಲೆವಸ್ತ್ರ ಜಾರಿತ್ತು, ಹಣೆಯ ಮೇಲೆ ಹಿಟ್ಟು. ಸರ್ವೇಯರ್ ನಿಂತಲ್ಲೇ ನಿಂತ. ಅವನ ಬಾಯಿಂದ ಎರಡು ಮಾತು ಉದುರಿತು.

"ಎಂಥ ಚೆಲುವು!"

ಹಾಗಂತ ಎಲ್ಲರೂ ಕೇಳಿಸಿಕೊಂಡರು. ಅಷ್ಟು ಹೇಳಿ ಅವನು ಸುಮ್ಮನಾದ. ದೇವ್ರು ಕಾಯ್ಲಿ ಎನ್ನಲಿಲ್ಲ. ಕೈ ಚಾಚಲಿಲ್ಲ. ಹೆಂಗಸರ ನಗು ಒಮ್ಮೆಲೇ ನಿಂತಿತು.

ಮುಂದಿನ ರೊಟ್ಟಿ ಉಬ್ಬಲಿಲ್ಲ.

ಸಿದೋರಾ ಹತ್ತು ಎಣಿಸಿದಳು, ಹದಿನೈದು ಎಣಿಸಿದಳು. ಅದು ಚರ್ಮದ ತುಂಡಿನಂತೆ ಬಿದ್ದುಕೊಂಡಿತ್ತು. ಇನ್ನೊಂದು ಹಾಕಿದಳು. ಅದೂ ಚಪ್ಪಟೆ. ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ಜುವಾನ್ನಾ ಲಟ್ಟಣಿಗೆ ಕೆಳಗಿಟ್ಟಳು.

"ಆಯ್ತು. ರೊಟ್ಟಿಗೆ ಕಣ್ ಹಾಕ್ಬಿಟ್ರು ಈ ಮಹಾರಾಯ್ರು."

"ನಾನು ಏನು ಮಾಡಿದೆ?" ಎಂದ ಸರ್ವೇಯರ್, ಬಾಯಲ್ಲಿ ಅರ್ಧ ರೊಟ್ಟಿ.

"ಚೆಲುವು ಅಂದ್ರಲ್ಲ! ಅಂದ್ಮೇಲೆ ಮುಟ್ಬೇಕು ಸ್ವಾಮಿ, ಮುಟ್ಬೇಕು! ಹೊಗಳಿದೋನು ಮುಟ್ಟದೆ ಹೋದ್ರೆ ಹೊಗಳಿಕೆ ಮುಳ್ಳಾಗಿ ಕೂತ್ಕೊಳ್ಳುತ್ತೆ. ನಿಮ್ಮೂರಲ್ಲಿ ಇದನ್ನೂ ಹೇಳ್ಕೊಟ್ಟಿಲ್ವಾ?"

"ಚೆಲುವು ಅನ್ಲಿಲ್ಲ ಅವ್ನು" ಎಂದಳು ಮೂಲೆಯಿಂದ ತ್ಸಿಯಾ ಬಾದೋರಾ. "ಚೆಲುವೆ ಅಂದ."

"ನಿಂಗೆ ಗುಡುಗಿದ್ರೆ ಕೇಳಲ್ಲ, ಸುಮ್ನೆ ಕೂತ್ಕೋ ತ್ಸಿಯಾ" ಎಂದು ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿಸಿದರು. ಮುದುಕಿ ಹಲ್ಲಿಲ್ಲದ ಬಾಯನ್ನು ಬಿಗಿದು ಕೂತಳು.

ಆಮೇಲೆ ನಡೆದದ್ದನ್ನು ನಮ್ಮೂರು ಇನ್ನೂ ನೆನೆದು ನಗುತ್ತದೆ. ಸರ್ವೇಯರನ ತೋಳು ಹಿಡಿದು ಜುವಾನ್ನಾ ಅಡುಗೆಮನೆಯೆಲ್ಲ ಸುತ್ತಿಸಿದಳು. ಬಿಡಿಸಿಟ್ಟ ರೊಟ್ಟಿಯ ಕಟ್ಟುಗಳನ್ನು ಮುಟ್ಟಿಸಿದಳು. ಬಟ್ಟೆಯ ಮಡಿಕೆಯೊಳಗಿದ್ದ ಹಸಿ ರೊಟ್ಟಿಗಳನ್ನು ಒಂದೊಂದಾಗಿ ಮುಟ್ಟಿಸಿದಳು. ಹಿಟ್ಟಿನ ಮರಿಗೆ, ಲಟ್ಟಣಿಗೆ, ಉಪ್ಪಿನ ಗಡಿಗೆ, ಒಲೆಯ ಹೊರಗೋಡೆ. ಉದ್ದನೆಯ ಮನುಷ್ಯ ಬಗ್ಗಿ ಬಗ್ಗಿ ಪ್ರತಿಯೊಂದನ್ನೂ ಒಂದು ಬೆರಳಿನಿಂದ ಮುಟ್ಟುತ್ತ, ಪ್ರತಿಯೊಂದಕ್ಕೂ "ಕ್ಷಮಿಸಿ" ಎನ್ನುತ್ತ ಹೋದ. ಮಲಗಿದ್ದ ಬೆಕ್ಕಿಗೂ ಕ್ಷಮಿಸಿ ಎಂದ. ಮದುಮಗಳಿಗೆ ನಗು ತಡೆಯಲಾಗಲಿಲ್ಲ.

"ಈಗ ಹಾಕು" ಎಂದಳು ತ್ಸಿಯಾ ಪಾಸ್ಕಾ ಮಗಳಿಗೆ.

ಸಿದೋರಾ ಹಾಕಿದಳು. ಒಂಬತ್ತು ಮಂದಿ ಉಸಿರು ಹಿಡಿದು ಒಲೆಯ ಬಾಯಿ ನೋಡಿದರು. ರೊಟ್ಟಿ ಕಂದಿತು, ಅಂಚು ಸುಟ್ಟಿತು, ಉಬ್ಬಲಿಲ್ಲ.

ಈಗ ಯಾರೂ ಸರ್ವೇಯರನತ್ತ ನೋಡಲಿಲ್ಲ. ಒಂದೊಂದೇ ಕಣ್ಣು ಹೊರಳಿ ಸಿದೋರಾಳ ಬೆನ್ನ ಮೇಲೆ ನಿಂತಿತು. ತಿರುಗಿ ನೋಡದೆಯೇ ಅವಳಿಗೆ ಅದು ಗೊತ್ತಾಯಿತು.

"ಹೊರಗಿನೋರ ಕಣ್ಣಲ್ಲ ಅಂದ್ಮೇಲೆ..." ಎಂದಳು ಜುವಾನ್ನಾ, ಮೆಲ್ಲಗೆ. ಮಾತನ್ನು ಅಲ್ಲಿಗೇ ಬಿಟ್ಟಳು. ಮುಗಿಸಿದ್ದರೆ ಇಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ.

ಸಿದೋರಾ ಹಲಗೆಯನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಳು. ಪಾದ್ರಿಗಳಿಗೂ ಹೆದರದವಳಿಗೆ ಆ ಗಳಿಗೆ ತನ್ನ ಕಣ್ಣುಗಳ ಬಗ್ಗೆಯೇ ಹೆದರಿಕೆಯಾಯಿತು. ಅವಳು ಸುಳ್ಳು ಹೇಳಬಹುದಿತ್ತು. ಗಾಳಿಯ ಮೇಲೆ ಹಾಕಬಹುದಿತ್ತು, ಸೌದೆಯ ಮೇಲೆ ಹಾಕಬಹುದಿತ್ತು. ಹಾಕಿದ್ದರೆ ನಿಜವೂ ಆಗಿರುತ್ತಿತ್ತೇನೋ.

"ನಂದೇ ಕಣ್ಣು" ಎಂದಳು. "ಆ ಲಂಗಾನ ಪೆಟ್ಟಿಗೆಯಿಂದ ತೆಗ್ದಾಗ ಸೊಂಟಕ್ಕಿಟ್ಟು ನೋಡ್ಕೊಂಡೆ. ಇದು ನಂದಾಗ್ಬೇಕಿತ್ತು ಅನ್ನಿಸ್ತು. ಒಂದೇ ಗಳಿಗೆ. ಆದ್ರೂ ಅನ್ನಿಸ್ತು."

"ಅಕ್ಕಾ!" ಎಂದಳು ಮಲ್ಲೇನಾ. ಚೂರಿ ಅವಳ ಕೈಯಿಂದ ಜಾರಿ ಬಿತ್ತು. "ನೀನೇ ಎತ್ತಿ ಆಡ್ಸಿದ ಮಗು ನಾನು. ನಿನ್ ಕಣ್ಣು ನಂಗೆ ಹೆಂಗೆ ತಾಕುತ್ತೆ?"

"ಬೇರೆ ಯಾರ್ನಾದ್ರೂ ಕೂರ್ಸಿ" ಎಂದು ಸಿದೋರಾ ಮಣೆಯಿಂದ ಎದ್ದಳು. ಹದಿನೈದು ವರ್ಷದಲ್ಲಿ ಕೆಲಸದ ನಡುವೆ ಅವಳು ಎದ್ದದ್ದೇ ಇಲ್ಲ. ತ್ಸಿಯಾ ಪಾಸ್ಕಾ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಜುವಾನ್ನಾ ಕೂಡ ತಲೆ ತಗ್ಗಿಸಿದಳು. ಅವಳ ನಾಲಿಗೆ ಚೂಪು ಹೊರತು ಎದೆ ಕಲ್ಲಲ್ಲ.

ಸರ್ವೇಯರನಿಗೆ ನಮ್ಮೂರ ಮಾತು ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಶಾಲೆಗೆ ಹೋಗಿ ಪುಸ್ತಕದ ಭಾಷೆ ಕಲಿತವಳು ಮಲ್ಲೇನಾ ಒಬ್ಬಳೇ. ಅವಳ ಹತ್ತಿರ ಬಗ್ಗಿ, ಅವರು ಯಾಕೆ ಎದ್ದರು ಎಂದು ಕೇಳಿದ. ಅವಳು ಮೂಗೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು. ನೀವು ರೊಟ್ಟಿ ಹೊಗಳಿದಿರಿ, ರೊಟ್ಟಿಯನ್ನು ಮುಟ್ಟಿದಿರಿ, ದೃಷ್ಟಿ ಇಳಿಯಲಿಲ್ಲ, ಹಾಗಾಗಿ ತಪ್ಪು ತನ್ನದೇ ಎಂದುಕೊಂಡಿದ್ದಾಳೆ ಅಕ್ಕ.

ಒತ್ತೊರೀನೊ ನೆಟ್ಟಗೆ ನಿಂತ. ಕುತ್ತಿಗೆಯಿಂದ ಕಿವಿಯ ತುದಿಯವರೆಗೆ ಕೆಂಪೇರಿತು. ಟೋಪಿಯನ್ನು ಕೈಯಲ್ಲಿ ಹಿಂಡಿದ.

"ಕ್ಷಮಿಸಿ" ಎಂದ. "ಒಂದು ತಪ್ಪಾಗಿದೆ. ನಾನು ಮುಟ್ಟಿದ್ದು ಬೇರೆಯದನ್ನು."

"ಬೇರೇದು ಅಂದ್ರೆ?" ಎಂದಳು ಜುವಾನ್ನಾ. "ಬೆಕ್ಕನ್ನೂ ಬಿಡ್ಲಿಲ್ಲ ನೀವು!"

"ನಾನು ರೊಟ್ಟಿಯನ್ನು ಹೊಗಳಲಿಲ್ಲ. ರೊಟ್ಟಿ ಉತ್ತಮವಾಗಿದೆ, ಅದರ ಬಗ್ಗೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಆದರೆ ನಾನು..." ಗಂಟಲು ಸರಿಮಾಡಿಕೊಂಡ. "ನಾನು ಚೆಲುವು ಎನ್ನಲಿಲ್ಲ."

ಮೂಲೆಯಲ್ಲಿ ತ್ಸಿಯಾ ಬಾದೋರಾ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಚೆಲುವೆ! ಚೆಲುವೆ ಅಂದ! ನಾ ಹೇಳ್ಲಿಲ್ವಾ? ಕಿವುಡಿ ಅಂತ ನಗ್ತೀರಲ್ಲ, ನಾ ಕೇಳೋದು ಕಣ್ಣಲ್ಲಿ ಕಣ್ರೇ. 'ವು' ಅನ್ನೋವಾಗ ತುಟಿ ಮುಂದೆ ಬರುತ್ತೆ. 'ವೆ' ಅನ್ನೋವಾಗ ಹಲ್ಲು ಕಾಣುತ್ತೆ. ಅವ್ನ ಹಲ್ಲು ಕಾಣ್ತು!"

ಎಂಟು ಹೆಂಗಸರೂ ಒಟ್ಟಿಗೆ, ಸದ್ದಿಲ್ಲದೆ, ಚೆಲುವು, ಚೆಲುವೆ ಎಂದು ತುಟಿ ಆಡಿಸಿ ನೋಡಿಕೊಂಡರು. ಆಮೇಲೆ ಒಟ್ಟಿಗೆ ಸಿದೋರಾಳತ್ತ ತಿರುಗಿದರು.

ಸಿದೋರಾ ಬೆಂಕಿಯಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರೂ ಮುಖ ಒಲೆಯ ಮುಂದಿದ್ದಾಗಿನದಕ್ಕಿಂತ ಕೆಂಪಾಗಿತ್ತು. ಮೂವತ್ತಮೂರು ವರ್ಷದಲ್ಲಿ ಅವಳ ರೊಟ್ಟಿಯನ್ನು ಹೊಗಳಿದವರು ನೂರು ಮಂದಿ. ಅವಳನ್ನು ಯಾರೂ ಹೊಗಳಿರಲಿಲ್ಲ. ಖುಷಿ, ನಾಚಿಕೆ, ನನ್ನ ಕಣ್ಣಲ್ಲವಲ್ಲ ಎಂಬ ನಿರಾಳ, ಮೂರೂ ಒಟ್ಟಿಗೆ ನುಗ್ಗಿ ಬಂದು ಅವಳಿಗೆ ಅಳು ಬಂತು. ಅಳುತ್ತಲೇ ಬೈದಳು.

"ಬಾಯಿ ಬಿಡೋಕೆ ಮುಂಚೆ ಯೋಚ್ನೆ ಮಾಡೋಕಾಗಲ್ವಾ ನಿಮ್ಗೆ? ಇಷ್ಟೊತ್ತು ಉಪ್ಪಿನ ಗಡಿಗೆ ಮುಟ್ಕೊಂಡು ತಿರುಗಿದ್ರಲ್ಲ!"

"ಅವರು ಮುಟ್ಟು ಎಂದರು" ಎಂದ ಒತ್ತೊರೀನೊ.

"ಹಾಗಾದ್ರೆ ಹೊಗಳಿದ್ದನ್ನ ಇನ್ನೂ ಮುಟ್ಟೇ ಇಲ್ಲ" ಎಂದಳು ಜುವಾನ್ನಾ.

ಈಗಿನ ಕಾಲದವರಿಗೆ ಇದು ಮಾತೇ ಅಲ್ಲ. ಆಗ ನಮ್ಮೂರಲ್ಲಿ ಮದುವೆಯಾಗದವಳ ಕೈಯನ್ನು ಪರಗಂಡಸು ಎಂಟು ಜನರ ಮುಂದೆ ಮುಟ್ಟಿದರೆ ಅದು ಬೆಟ್ಟದಾಚೆಯ ಹಳ್ಳಿಗೂ ಸುದ್ದಿ. ಮುಟ್ಟದಿದ್ದರೆ ಮದುವೆಗೆ ರೊಟ್ಟಿ ಇಲ್ಲ. ಎಲ್ಲರೂ ತ್ಸಿಯಾ ಪಾಸ್ಕಾಳ ಮುಖ ನೋಡಿದರು. ಅವಳು ಹೊಗೆ ಹಿಡಿದ ಕಣ್ಣುಗಳಿಂದ ಆ ಉದ್ದನೆಯ ಮನುಷ್ಯನನ್ನು ಮೇಲಿಂದ ಕೆಳಗೆ ಅಳೆದಳು.

"ಕೈಗೆ ಹಿಟ್ಟು ಮೆತ್ಕೋ ಸಿದೋರಾ" ಎಂದಳು ಕೊನೆಗೆ. "ಅವ್ರು ಹಿಟ್ಟು ಮುಟ್ಲಿ. ಒಳಗೆ ಕೈ ಇದ್ರೆ ನಾವೇನ್ ಮಾಡೋಣ."

ಸಿದೋರಾ ಎರಡೂ ಕೈಗಳನ್ನು ಮರಿಗೆಯೊಳಗೆ ಅದ್ದಿ ಮೊಣಕೈವರೆಗೆ ಬೆಳ್ಳಗೆ ಮಾಡಿಕೊಂಡಳು. ಎಡಗೈ ಚಾಚಿದಳು. ಒತ್ತೊರೀನೊ ಒಂದು ಬೆರಳಿನಿಂದ, ಸುಟ್ಟ ಕಲೆ ಇದ್ದ ಜಾಗವನ್ನು ಮುಟ್ಟಿದ. ಬೆರಳಿನ ಗುರುತು ಹಿಟ್ಟಿನಲ್ಲಿ ಹಾಗೇ ಉಳಿಯಿತು. ಅವನು ಈ ಸಲ ಕ್ಷಮಿಸಿ ಎನ್ನಲಿಲ್ಲ.

ಅವಳು ಬಂದು ಮಣೆಯ ಮೇಲೆ ಕೂತಳು, ಎರಡು ತುಂಡು ಒಣ ಜುನಿಪರ್ ಸೌದೆಯನ್ನು ಒಳಕ್ಕೆ ಎಸೆದಳು, ಕೆಂಡ ಕೆದಕಿದಳು, ಉರಿ ಏಳುವ ತನಕ ಕಾದಳು. ಆಮೇಲೆ ರೊಟ್ಟಿ ಹಾಕಿದಳು.

ಆರು ಎಣಿಸುವುದರೊಳಗೆ ಅದು ಉಬ್ಬಿ ಒಲೆಯ ಬಾಯಿ ತುಂಬಿತು.

ಆಗ ಹೆಂಗಸರು ಹಾಕಿದ ಕಿರುಚಾಟಕ್ಕೆ ಬೀದಿಯ ಕತ್ತೆಗಳು ಬೆದರಿದವಂತೆ. ಜುವಾನ್ನಾ ಎದ್ದು ಸಿದೋರಾಳ ಎರಡೂ ಕೆನ್ನೆಗೆ ಮುತ್ತಿಟ್ಟು, "ನನ್ ನಾಲ್ಗೆ ಸುಟ್ಟುಹೋಗ, ಕ್ಷಮ್ಸೇ" ಎಂದಳು. "ಸುಡೋದು ಬೇಡ, ಲಟ್ಸು" ಎಂದಳು ಸಿದೋರಾ. ತೆಂಕಣ ಗಾಳಿಗೆ ಕುಗ್ಗಿದ್ದ ಬೆಂಕಿ ಒಣ ಸೌದೆ ಬಿದ್ದು ಹತ್ತಿಕೊಂಡಿತು, ಅಷ್ಟೇ ಎಂದು ನೀವು ಹೇಳಬಹುದು. ಹೇಳಿ. ನಮ್ಮೂರಲ್ಲಿ ಮಾತ್ರ ಹೇಳಬೇಡಿ.

ಮಲ್ಲೇನಾಳ ಮದುವೆಗೆ ಮೂರು ಊರಿನವರು ಉಂಡರೂ ರೊಟ್ಟಿ ಮಿಕ್ಕಿತು. ಬೋಯೆಲೆ ಗಟ್ಟಿಯಾಗಿ ಹೂಂ ಅಂದ. ಸರ್ವೇಯರ್ ಊಟಕ್ಕೆ ಕೂತು ತಟ್ಟೆಯನ್ನು ಪೂರ್ತಿ ತಿಂದ.

ರಸ್ತೆ ಅಳೆಯುವ ಕೆಲಸ ಆಗಸ್ಟಿಗೆ ಮುಗಿಯಬೇಕಿತ್ತು. ಅದೇಕೋ ಮುಗಿಯಲಿಲ್ಲ. ಸಿದೋರಾಳ ಮನೆ ಮುಂದಿನ ಬೀದಿಯನ್ನೇ ಅವನು ನಾಲ್ಕು ಸಲ ಅಳೆದ, ನಾಲ್ಕು ಸಲವೂ ಬೇರೆ ಬೇರೆ ಅಗಲ ಬಂತು. ಸಂಜೆ ತ್ಸಿಯಾ ಬಾದೋರಾಳ ಮುಂದೆ ಕೂತು ನಮ್ಮೂರ ಮಾತು ಕಲಿಯುತ್ತಿದ್ದ. ಮುದುಕಿ ಅವನ ತುಟಿ ನೋಡಿ ತಿದ್ದುತ್ತಿದ್ದಳು. ಓಕ್ ಮರದ ಕಾಯಿ ಉದುರತೊಡಗಿದಾಗ ಒಂದು ಭಾನುವಾರ, ಇಗರ್ಜಿಯಿಂದ ಜನ ಬರುವ ಹೊತ್ತಿಗೆ, ಅವನು ಒಗೆದ ಅಂಗಿ ತೊಟ್ಟು ಬೋಯೆಲೆಯನ್ನು ಮುಂದಿಟ್ಟುಕೊಂಡು ತ್ಸಿಯಾ ಪಾಸ್ಕಾಳ ಬಾಗಿಲಿಗೆ ಬಂದ.

ನಮ್ಮಲ್ಲಿ ಹೆಣ್ಣು ಕೇಳಲು ಹೋದವರು ಹೆಣ್ಣು ಕೇಳುವುದಿಲ್ಲ. ಕಳೆದುಹೋದ ಕುರಿಮರಿ ಕೇಳುತ್ತಾರೆ. ಮನೆಯವರಿಗೂ ಗೊತ್ತು, ಬಂದವರಿಗೂ ಗೊತ್ತು, ಗೋಡೆಯ ಮೇಲೆ ಹತ್ತಿ ಕೂತ ಊರವರಿಗೂ ಗೊತ್ತು.

"ತ್ಸಿಯಾ ಪಾಸ್ಕಾ," ಎಂದ ಬೋಯೆಲೆ, ತನ್ನ ಅತ್ತೆಯನ್ನು ಈ ಮೊದಲು ಕಂಡೇ ಇಲ್ಲದವನಂತೆ, "ಇವ್ರುದೊಂದು ಮರಿ ತಪ್ಪಿಸ್ಕೊಂಡಿದೆ. ನಿಮ್ಮನೆ ಕಡೆ ಬಂತೇನೋ ಅಂತ."

"ನೋಡೋಣ ಇರಿ" ಎಂದು ಅವಳು ಒಳಗೆ ಹೋಗಿ ಒಂದು ಆಡನ್ನು ಎಳೆದುಕೊಂಡು ಬಂದಳು. "ಇದಾ?"

"ಅಲ್ಲ."

ಮತ್ತೆ ಹೋಗಿ ತ್ಸಿಯಾ ಬಾದೋರಾಳನ್ನು ಕೈಹಿಡಿದು ಕರೆತಂದಳು. ಮುದುಕಿ ಹಬ್ಬದ ತಲೆವಸ್ತ್ರ ಕಟ್ಟಿದ್ದಳು. "ಇದಾ?"

"ಹೂಂ ಅನ್ನೋ ಪೆದ್ದ" ಎಂದಳು ಮುದುಕಿ ಸರ್ವೇಯರನಿಗೆ. "ದಿನಾ ನನ್ ಸಾರೇ ತಿಂತೀಯ." ಗೋಡೆಯ ಮೇಲಿದ್ದವರಲ್ಲಿ ಇಬ್ಬರು ನಕ್ಕು ಕೆಳಕ್ಕೆ ಬಿದ್ದರು.

ಮೂರನೆಯ ಸಲ ತ್ಸಿಯಾ ಪಾಸ್ಕಾ ಎರಡೂ ಕೈಯಲ್ಲಿ ಒಂದು ಕಟ್ಟು ಕರಸಾವು ರೊಟ್ಟಿ ಹೊತ್ತು ತಂದಳು. ಮುಖದಲ್ಲಿ ನಗುವಿನ ಗೆರೆಯೂ ಇಲ್ಲ. "ಹಾಗಾದ್ರೆ ಇದೇ ಇರ್ಬೇಕು. ಅವತ್ತು ಇದನ್ನೇ ಅಲ್ವಾ ಚೆಲುವು ಅಂದಿದ್ದು?"

ಗಂಡು ಬಾಯಿ ಬಿಡಬಾರದು ಎಂಬುದು ಪದ್ಧತಿ. ಒತ್ತೊರೀನೊ ಅಷ್ಟು ಹೊತ್ತು ಹೇಗೋ ತಡೆದುಕೊಂಡಿದ್ದ.

"ವೆ!" ಎಂದು ಕೂಗಿದ. "ತ್ಸಿಯಾ ಪಾಸ್ಕಾ, ವೆ!"

ಆಗ ಸಿದೋರಾ ಹೊರಗೆ ಬಂದಳು. ಮಲ್ಲೇನಾ ತಾನೇ ನೆರಿಗೆ ಕಟ್ಟಿ, ಒಲೆಯ ಶಾಖದಲ್ಲಿಟ್ಟು ಮರಳಿ ತಂದುಕೊಟ್ಟ ಕೆಂಪು ಲಂಗ ಉಟ್ಟಿದ್ದಳು. ಈ ಸಲ ಎದೆಯಲ್ಲಿ ಏನೂ ಚುಚ್ಚಲಿಲ್ಲ. ಹಿಟ್ಟಿಲ್ಲದ ಬರಿಗೈ ಅವಳಿಗೇ ಹೊಸದಾಗಿ ಕಂಡಿತು. ಒತ್ತೊರೀನೊ ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಮೊದ್ಲು ಹೇಳ್ಬೇಕಾದ್ದು ಹೇಳಿ" ಎಂದಳು.

ಅವನ ಮುಖ ಬಿಳಿಚಿತು. ಗೋಡೆಯ ಮೇಲಿದ್ದವರೆಲ್ಲ ಉಸಿರು ಹಿಡಿದರು. ತ್ಸಿಯಾ ಬಾದೋರಾ ಅವನ ಎದುರಿಗೆ ನಿಂತು, ಸದ್ದಿಲ್ಲದೆ, ತುಟಿ ಆಡಿಸಿ ತೋರಿಸಿದಳು.

"ದೇವ್ರು ಕಾಯ್ಲಿ" ಎಂದ ಒತ್ತೊರೀನೊ, ಪುಸ್ತಕದ ಭಾಷೆಯಲ್ಲಲ್ಲ, ನಮ್ಮೂರ ಮಾತಿನಲ್ಲಿ. ಆಮೇಲೆ ಮುಟ್ಟಿದ.